ಎಡ ಹಿಂಬದಿಯ ತೂಕ

“ಎಡಗಡೆ ಚಕ್ರ ಮಾತ್ರ ಕಾಟಾ ಮೇಲೆ ಬರಲಿ, ಬಲಗಡೆಯವು ಕೆಳಗೇ ಇರಲಿ,” ಎಂದು ನಾನು ಕೂಗಿ ಹೇಳಿದಾಗ ವೇ ಬ್ರಿಡ್ಜಿನವನು ಕಿಟಕಿಯಿಂದ ತಲೆ ಹೊರಹಾಕಿದ. “ಮೇಡಂ, ಇಲ್ಲಿ ಇಟ್ಟಿಗೆ ಲೋಡು ತೂಗ್ತೀವಿ. ಅರ್ಧ ಗಾಡಿ ತೂಗಿದ್ದು ನಾನಂತೂ ಕಂಡಿಲ್ಲ,” ಎಂದ. ಕಾಣದಿರುವುದು ಸಹಜವೇ. ಇಟ್ಟಿಗೆ ಲಾರಿಯ ಭಾರ ಎರಡೂ ಕಡೆ ಹೆಚ್ಚುಕಡಿಮೆ ಸಮ ಬೀಳುತ್ತದೆ. ಮನೆ ಹಾಗಲ್ಲ. ಮನೆಯಲ್ಲಿ ಅಡುಗೆಕಟ್ಟೆ ಒಂದು ಕಡೆ, ಬಚ್ಚಲು ಇನ್ನೊಂದು ಕಡೆ, ಮಂಚ ಒಂದು ಮೂಲೆಗೆ. ನಾವು ತೂಗಲು ತಂದಿದ್ದು ಚಕ್ರದ ಮೇಲಿನ ಮನೆ.

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿ ಬಸ್ಸು, ಲಾರಿಗಳಿಗೆ ಬಾಡಿ ಕಟ್ಟುವ ಒಂದು ಶೆಡ್ಡಿದೆ. ಟೇಕಲ್ಲಿನಿಂದ ರೈಲಿನಲ್ಲಿ ಬಂದು ಅಲ್ಲಿ ಕೆಲಸ ಮಾಡುತ್ತೇನೆ. ಸ್ಪ್ರಿಂಗು, ಆಕ್ಸಲ್, ಚಕ್ರ, ಟೈರು ನನ್ನ ಪಾಲು. ಈ ಗಾಡಿಯ ಆರ್ಡರು ಬಂದದ್ದು ಶ್ರೀನಿವಾಸಪುರದ ಒಬ್ಬ ಭೂಗೋಳದ ಟೀಚರಿಂದ. ಸ್ಕೂಟರಿನಲ್ಲಿ ಶಾಲೆಗೆ ಹೋಗುವಾಗ ಟ್ರ್ಯಾಕ್ಟರಿನ ಟ್ರೇಲರ್ ತಗುಲಿ ಅವರ ಬೆನ್ನುಮೂಳೆ ಮುರಿದಿತ್ತು. ಸೊಂಟದ ಕೆಳಗೆ ಬಲವಿಲ್ಲ, ಮೇಲೆ ಮಾತ್ರ ನೋವು ಪೂರ್ತಿ. ತಮ್ಮ ಪಾಲಿನ ಮಾವಿನ ತೋಪನ್ನು ಅಣ್ಣನಿಗೆ ಬಿಟ್ಟುಕೊಟ್ಟು, ಬದಲಿಗೆ ಕೇಳಿದ್ದು ಇದೊಂದನ್ನೇ: ಮಲಗಿಕೊಂಡು ದೇಶ ನೋಡುವಂಥ ಗಾಡಿ. ಗಾಲಿಕುರ್ಚಿ ಸಮೇತ ಹತ್ತಿಸುವ ಲಿಫ್ಟು, ತಲೆಕಡೆ ಎತ್ತಬಹುದಾದ ಮಂಚ, ಅಗಲ ಬಾಗಿಲಿನ ಬಚ್ಚಲು. ನಕ್ಷೆ ಅವರೇ ಬರೆದಿದ್ದರು. ಮೊದಲು ಕಚ್ಛಿನ ರಣಕ್ಕೆ ಹೋಗಬೇಕು ಎಂದಿದ್ದರು. ಇಪ್ಪತ್ತು ವರ್ಷ ಅದನ್ನು ಭೂಪಟದಲ್ಲಿ ಕೋಲಿಟ್ಟು ತೋರಿಸಿದವರು.

ಅಣ್ಣ ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟವನು. ಬಾಡಿ ಏಳುತ್ತಿದ್ದ ಹಾಗೆ ಅವನ ಬೇಡಿಕೆಗಳೂ ಎದ್ದವು. ಅಡುಗೆಕಟ್ಟೆಗೆ ಗ್ರಾನೈಟ್ ಕಲ್ಲು, ಒಂದು ಜನರೇಟರು, ಎರಡನೇ ಎಸಿ. ಬಲಗಡೆ ಡೀಸೆಲ್ ಟ್ಯಾಂಕು, ಸೈಲೆನ್ಸರು ಇದ್ದುದರಿಂದ ಬಹುಪಾಲು ಎಡಕ್ಕೇ ಹೋಯಿತು. ಒಮ್ಮೆ ಟೀಚರು, “ನನ್ನ ನಕ್ಷೇಲಿ ಇವ್ಯಾವೂ ಇರ್ಲಿಲ್ವಲ್ಲ,” ಅಂದರು. “ನಿನ್ನ ನಕ್ಷೇಲಿ ನಿನ್ನ ಬಿಟ್ಟು ಬೇರೆ ಯಾರಿದ್ರು?” ಅಂದ ಅಣ್ಣ.

ಗಾಡಿಯನ್ನು ಪ್ರಯಾಣಕ್ಕೆ ಹೊರಟ ಸ್ಥಿತಿಯಲ್ಲೇ ತೂಗಬೇಕು. ನೀರು ತುಂಬಿ, ಡೀಸೆಲ್ ತುಂಬಿ, ಜನ ಕೂತು. ಹಾಗಾಗಿ ಟೀಚರು ಒಳಗೆ ಮಂಚದ ಮೇಲೇ ಇದ್ದರು. ಮುಂದಿನ ಆಕ್ಸಲ್ ಸರಿಯಿತ್ತು. ಹಿಂದಿನದೂ ಒಟ್ಟು ಲೆಕ್ಕದಲ್ಲಿ ಮಿತಿಯ ಒಳಗಿತ್ತು. ಅರ್ಧ ತೂಗದೆ ಹೋಗಿದ್ದರೆ ಅಲ್ಲಿಗೇ ಸಮಾಧಾನವಾಗಿ ಮರಳುತ್ತಿದ್ದೆವು. ಆದರೆ ಹಿಂದಿನ ನಾಲ್ಕೂವರೆ ಸಾವಿರ ಕೆಜಿಯಲ್ಲಿ ಎಡಗಡೆಯ ಜೋಡಿ ಚಕ್ರದ ಮೇಲೆಯೇ ಎರಡು ಸಾವಿರದ ಆರುನೂರರ ಹತ್ತಿರ ಕೂತಿತ್ತು. ಚಾಸಿಯ ಜೊತೆ ಬಂದ ಟೈರು ಜೋಡಿಯಲ್ಲಿ ಹೊರುವುದು ಒಂದಕ್ಕೆ ಸಾವಿರದ ಇನ್ನೂರೈವತ್ತು. ಎರಡಕ್ಕೆ ಎರಡೂವರೆ ಸಾವಿರ. ನೂರು ಕೆಜಿ ಹೆಚ್ಚು ಎಂದರೆ ಕೇಳಲು ಸಣ್ಣದು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ದಿನಗಟ್ಟಲೆ ಓಡುವ ಗಾಡಿಗೆ ಸಣ್ಣದಲ್ಲ. ಟೈರಿನ ಪಕ್ಕೆ ಮಡಚಿ ಮಡಚಿ ಒಳಗೇ ಬೇಯುತ್ತದೆ. ಜೋಡಿಯಲ್ಲಿ ಒಳಗಿನದು ಮೊದಲು ಸಿಡಿದರೆ ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ಅದರ ಭಾರ ಹೊರಗಿನದರ ಮೇಲೆ ಬಿದ್ದು ಅದೂ ಹೋಗುತ್ತದೆ.

ಇದನ್ನು ಅಣ್ಣನಿಗೆ ವಿವರಿಸಿದೆ. ಅವನು ಗಮನವಿಟ್ಟು ಕೇಳಿದ. “ಆ ಮೂಲೇಲಿ ಏನೇನಿದೆ ಹೇಳಿ ಮೇಡಂ,” ಎಂದ. ಅಡುಗೆಕಟ್ಟೆಯ ಕಲ್ಲು, ಜನರೇಟರು, ಬ್ಯಾಟರಿ, ನೀರಿನ ಟ್ಯಾಂಕು, ಮಂಚ, ಲಿಫ್ಟು ಎಂದೆ. ಕಲ್ಲು ತೆಗೆದು ಸ್ಟೀಲ್ ಹಾಕಬಹುದು ಎಂದೂ ಹೇಳಿದೆ.

“ಕಲ್ಲು ಇರ್ಲಿ. ಲಿಫ್ಟು ಎಷ್ಟು ಭಾರ?”

ಕೆಲಸದ ಮಾತು ಎಂದುಕೊಂಡೇ ಉತ್ತರ ಕೊಟ್ಟೆ. ಲಿಫ್ಟಿನ ತೂಕ ನೂರ ಅರವತ್ತು ಕೆಜಿ ಇದ್ದರೂ ಅದು ಆಕ್ಸಲಿಗಿಂತ ಹಿಂದೆ ಬಾಲದಲ್ಲಿದೆ. ಸನ್ನೆಗೋಲಿನ ಹಾಗೆ ಮುಂಭಾಗವನ್ನು ಎತ್ತಿ ಹಿಂಭಾಗವನ್ನು ಒತ್ತುತ್ತದೆ. ಹಿಂದಿನ ಚಕ್ರಗಳಿಗೆ ಅದು ಇನ್ನೂರಕ್ಕೂ ಮೇಲೆ.

“ಲಿಫ್ಟು, ಮಂಚ, ಅವಳು. ಮೂರೂ ಸೇರಿದ್ರೆ?”

ನಾನು ತೂಕದ ಚೀಟಿ ಮಡಚಿದೆ.

“ಲೆಕ್ಕ ಕೇಳ್ತಿದ್ದೀನಿ ಕಣಮ್ಮ. ಆ ಮೂರು ಇಲ್ದಿದ್ರೆ ಇದೇ ಟೈರು ಸಾಕಾಗುತ್ತೋ ಇಲ್ವೋ?”

“ಸಾಕಾಗುತ್ತೆ. ಆದ್ರೆ ಗಾಡಿ ಮಾಡ್ಸಿದ್ದೇ ಅವರಿಗೆ...”

“ಸಾಕಾಗುತ್ತಲ್ಲ, ಅಷ್ಟೇ,” ಎಂದ.

ಕಿಟಕಿ ತೆರೆದಿತ್ತು. ಒಳಗಿನಿಂದ ಟೀಚರ ದನಿ ಬಂತು: “ಏನ್ ಮೇಡಂ, ತೂಗಿದ್ದಾಯ್ತಾ? ಬರೀ ಮೂಳೆ ತೂಗಿದ್ರಾ, ಮಾಂಸಾನೂ ಸೇರಿಸ್ಕೊಂಡ್ರಾ?” ವೇ ಬ್ರಿಡ್ಜಿನವನು ನಕ್ಕ. ನಗಬಾರದಿತ್ತೇನೋ ಎಂದು ಅರ್ಧಕ್ಕೇ ನಿಲ್ಲಿಸಿದ. ಅಣ್ಣ ಮನೆಯ ತೆಲುಗಿನಲ್ಲಿ “ಊರ್ಕೋವೇ” ಎಂದು ಗದರಿದ. ಬಾಯಿ ಮುಚ್ಚು ಅಂತ.

ಶೆಡ್ಡಿಗೆ ಮರಳಿದ ಮೇಲೆ ಮಾಲೀಕರಿಗೆ ಒಂದೇ ಮಾತು ಹೇಳಿದೆ: ಏನನ್ನೂ ಬಿಚ್ಚುವುದು ಬೇಡ, ಟೈರು ಏರಿಸೋಣ. ಟೈರು ಸಾಲದ್ದರಿಂದ ಆ ಪ್ರಶ್ನೆ ಹುಟ್ಟಿತು, ಟೈರು ಸಾಕಾದರೆ ಪ್ರಶ್ನೆಯೂ ಹೋಗುತ್ತದೆ ಎಂದು ನಂಬಿದ್ದೆ. ಬ್ಯಾಟರಿಗಳನ್ನು ಬಲಕ್ಕೆ ಸಾಗಿಸಿ ಎಡ ಮೂಲೆಯನ್ನು ಎರಡೂವರೆ ಸಾವಿರಕ್ಕೆ ಇಳಿಸಿದೆವು. ಅದು ಮಿತಿಗೆ ಸರಿಯಾಗಿ ಮುಟ್ಟಿತು. ಆದರೆ ದೂರದ ದಾರಿಗೆ ಮಿತಿಯ ಮೇಲೆ ನಿಂತ ಟೈರು ಸಾಲದು, ಕೈಯಲ್ಲಿ ಸ್ವಲ್ಪ ಉಳಿದಿರಬೇಕು.

ಚಾಸಿಯದು ಏಳು ಇಂಚಿನ ಟೈರು. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಏಳೂವರೆ ಇಂಚಿನದು, ಹದಿನಾರು ಪ್ಲೈ ಅಂದರೆ ಹದಿನಾರು ಪದರದ ಬಲದ್ದು, ಜೋಡಿಯಲ್ಲಿ ಒಂದಕ್ಕೆ ಸಾವಿರದ ನಾನೂರೈವತ್ತು ಹೊರುತ್ತದೆ. ಕೋಲಾರದ ಟೈರು ಅಂಗಡಿಯವನು ಹಳೆಯ ರಿಮ್ಮಿಗೇ ಕೂರಿಸಿಕೊಟ್ಟ. “ಎಲ್ರೂ ಹಂಗೇ ಓಡಿಸ್ತಾರೆ,” ಎಂದ. ಕೂತಿತು, ಅನುಮಾನವಿಲ್ಲ. ಆದರೆ ಅಗಲದ ಟೈರು ಇಕ್ಕಟ್ಟಿನ ರಿಮ್ಮಿನಲ್ಲಿ ಕೂತರೆ ಪಕ್ಕೆ ಉಬ್ಬುತ್ತದೆ. ಜೋಡಿ ಚಕ್ರದ ನಡುವಿನ ಸಂದು ಕಿರಿದಾಗುತ್ತದೆ. ಎರಡು ಟೈರುಗಳೂ ಮುಖಾಮುಖಿಯಾಗುವ ಪಕ್ಕೆಗಳಿಗೆ ಸೀಮೆಸುಣ್ಣ ಬಳಿದು, ಲೋಡು ಸಮೇತ ಕೋಲಾರದಿಂದ ಮಾಲೂರಿಗೆ ಓಡಿಸಿದೆ. ಬಂದು ಟಾರ್ಚು ಹಾಕಿ ನೋಡಿದರೆ ಎರಡರಲ್ಲೂ ಸುಣ್ಣ ಸುತ್ತಲೂ ಅಳಿಸಿಹೋಗಿತ್ತು. ನೆಲ ಮುಟ್ಟುವ ಜಾಗದಲ್ಲಿ ಟೈರುಗಳು ಒಂದನ್ನೊಂದು ಉಜ್ಜುತ್ತಿದ್ದವು. ಬಿಚ್ಚಿಸಿ ವಾಪಸ್ ಕಳಿಸಿದೆ.

ಟೀಚರ ಮನೆಯ ಡ್ರೈವರು ಮುಳಬಾಗಿಲಿನವರು, ನನ್ನ ತಂದೆಗಿಂತ ಹಿರಿಯರು. ಹೈವೇಯಲ್ಲಿ ಆಂಧ್ರದ ಲಾರಿಗಳಿಗೆ ರಿಮ್ಮು ಕೊಡುವ ಅಂಗಡಿಗೆ ಅವರೇ ಕರೆದೊಯ್ದರು. ಆರಿಂಚು ಅಗಲದ, ಜೋಡಿಯ ನಡುವೆ ಸಂದು ಹೆಚ್ಚು ಬಿಡುವ ರಿಮ್ಮು ಅಲ್ಲಿ ಸಿಕ್ಕಿತು. ಅಲ್ಲಿ ಕೊಟ್ಟ ಟೈರುಗಳಲ್ಲಿ ಎರಡು ಹಳೆಯ ಸ್ಟಾಕು. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳು ತಯಾರಾದ ವಾರ, ವರ್ಷ ಹೇಳುತ್ತವೆ. ಅವು ಗೋಡೌನಿನಲ್ಲೇ ಮುದಿಯಾಗಿದ್ದವು. ಹೊಸದು ಬರುವವರೆಗೆ ಕಾದೆವು. ಆ ನಡುವೆ ಅಣ್ಣ ಫೋನು ಮಾಡುತ್ತಲೇ ಇದ್ದ. “ಇನ್ನೂ ಎಷ್ಟು ದಿನ ಎಳೀತೀರಾ ಮೇಡಂ? ಬಿಚ್ಚಾಕೋಕಾದ್ರೆ ಅರ್ಧ ದಿನ ಸಾಕಾಗಿತ್ತಲ್ಲ?”

ಕೊನೆಗೆ ಕೂರಿಸಿದೆವು. ಪೂರ್ತಿ ಲೋಡಿನಲ್ಲೂ ಜೋಡಿಯ ನಡುವೆ ಮೂರು ಬೆರಳು ಸಲೀಸಾಗಿ ಹೋಗುತ್ತಿತ್ತು. ಸುಣ್ಣ ಅಳಿಸಲಿಲ್ಲ. ಒಳಗಿನ ಟೈರಿನ ಗಾಳಿ ನೋಡಲು ಸಾಧ್ಯವಾಗುವಂತೆ ವಾಲ್ವಿಗೆ ಉದ್ದನೆಯ ಕೊಳವೆ ಹಾಕಿಸಿದೆ. ಇಲ್ಲದಿದ್ದರೆ ಡ್ರೈವರುಗಳು ಕಬ್ಬಿಣದ ಸಲಾಕೆಯಿಂದ ತಟ್ಟಿ, ಸದ್ದು ಕೇಳಿ ತೃಪ್ತರಾಗಿಬಿಡುತ್ತಾರೆ.

ಓಡಿಸಿ ನೋಡುವ ದಿನ ಮಂಚದ ಮೇಲೆ ಟೀಚರ ತೂಕದಷ್ಟು ಮರಳು ಮೂಟೆ ಇಡಿಸಿದ್ದೆ. ಅವರು ಕಾರಿನಲ್ಲಿ ಬಂದವರು ಅದನ್ನು ನೋಡಿದರು.

“ಮರಳು ಮೂಟೆ ಕಿರುಚುತ್ತಾ ಮೇಡಂ?”

“ಅಂದ್ರೆ?”

“ಎಲ್ಲಿ ನೋವಾಗುತ್ತೆ ಅಂತ ಅದು ಹೇಳುತ್ತಾ? ಇಳಿಸಿ ಅದನ್ನ. ನಾನೇ ಬರ್ತೀನಿ.”

ಬೇಡವೆಂದೆ. ಕೇಳಲಿಲ್ಲ. ತೂಗುವ ದಿನ ಲಿಫ್ಟಿಗೆ ಕರೆಂಟು ಕೊಟ್ಟಿರಲಿಲ್ಲ, ಎತ್ತಿ ಮಲಗಿಸಿದ್ದೆವು. ಈಗ ಲಿಫ್ಟಿನ ಮೇಲೆ ಕುರ್ಚಿ ಸಮೇತ ಮೇಲೇರಿದರು. ಮೊದಲ ಸಲ. ಮೇಲಕ್ಕೆ ಬಂದಾಗ ಶೆಡ್ಡಿನವರನ್ನೆಲ್ಲ ಒಂದು ಸುತ್ತು ನೋಡಿ, “ಇಷ್ಟು ಎತ್ತರದಿಂದ ನಿಮ್ಮನ್ನೆಲ್ಲ ನೋಡಿ ಎಷ್ಟು ಕಾಲ ಆಯ್ತು,” ಅಂದರು.

ಡ್ರೈವರು ಟೈರಿನ ಪಕ್ಕೆಯಲ್ಲಿ ಬರೆದಿದ್ದ ನೂರ ಹನ್ನೆರಡು ಪೌಂಡು ಗಾಳಿ ತುಂಬಿಸಿದ್ದರು. ಅದು ಆ ಟೈರು ತಡೆಯುವ ಗರಿಷ್ಠ ಗಾಳಿ, ಪೂರ್ತಿ ಭಾರಕ್ಕೆ. ನಮ್ಮ ಭಾರಕ್ಕೆ ಅಷ್ಟು ಬೇಡ, ಟೈರು ಗಡುಸಾಗಿ ಕುಲುಕುತ್ತದೆ ಎಂದು ಗೊತ್ತಿತ್ತು. ಆದರೂ ಹೊಸ ಟೈರು ರಿಮ್ಮಿಗೆ ಸರಿಯಾಗಿ ಕೂರಲಿ, ಮೊದಲ ಓಟಕ್ಕೆ ಇರಲಿ ಎಂದು ಬಿಟ್ಟಿದ್ದೆ. ಟೇಕಲ್ ದಾಟಿ ಕೋಲಾರದವರೆಗೆ ಅಷ್ಟೇನೂ ಆಗಲಿಲ್ಲ. ಕೋಲಾರದಿಂದ ಶ್ರೀನಿವಾಸಪುರದ ಕಡೆ ತಿರುಗಿದ ಮೇಲೆ ಪ್ರತಿ ಹಳ್ಳಿಯ ಮುಂದೆಯೂ ಹಂಪುಗಳು. ಮೊದಲನೆಯದಕ್ಕೆ ಟೀಚರು ಹಲ್ಲು ಕಚ್ಚಿದರು. ಎರಡನೆಯದಕ್ಕೆ ನನ್ನ ಮಣಿಕಟ್ಟು ಹಿಡಿದರು. ಅದರ ಮುಂದಿನದಕ್ಕೆ ಕಿರುಚಿದರು. ಮನುಷ್ಯರ ಗಂಟಲಿನಿಂದ ಹಾಗೆ ಬರುವುದನ್ನು ನಾನು ಕೇಳಿರಲಿಲ್ಲ. ನಿಲ್ಲಿಸಿ ಎಂದು ನಾನು ಕೂಗಿದೆ. “ನಿಲ್ಲಿಸಿದ್ರೆ ಏನ್ ಗೊತ್ತಾಗುತ್ತೆ? ಹೋಗ್ಲಿ,” ಅಂದರು. ಅವರ ಉಗುರು ನನ್ನ ಚರ್ಮದಲ್ಲಿತ್ತು.

ಹಿಂದೆ ಕಾರಿನಲ್ಲಿ ಬರುತ್ತಿದ್ದ ಅಣ್ಣ ಒಂದು ಕಡೆ ಗಾಡಿ ನಿಂತಾಗ ಒಳಗೆ ಹತ್ತಿ ಬಂದ. ಮುಂದಿನ ಎರಡು ಹಂಪುಗಳವರೆಗೆ ಬಾಗಿಲ ಬಳಿ ಫೋನು ಎತ್ತಿ ಹಿಡಿದು ನಿಂತಿದ್ದ. ಡಾಕ್ಟರಿಗೆ ತೋರಿಸಲು ಇರಬೇಕು ಎಂದುಕೊಂಡೆ.

ಶ್ರೀನಿವಾಸಪುರದ ಮಂಡಿಯ ಅಂಗಳದಲ್ಲಿ ಗಾಡಿ ನಿಲ್ಲಿಸಿದೆವು. ಓಡಿ ಬಂದ ಟೈರಿನ ಗಾಳಿ ಬಿಸಿಗೆ ಏರಿರುತ್ತದೆ, ಆಗ ಇಳಿಸಿದರೆ ತಣ್ಣಗಾದಾಗ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ ಬಂದು ಇಳಿಸುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ಟೈರು ಕಂಪನಿಯ ಪಟ್ಟಿಯ ಪ್ರಕಾರ ನಮ್ಮ ಎಡ ಮೂಲೆಯ ಭಾರಕ್ಕೆ ತೊಂಬತ್ತಮೂರು ಸಾಕು. ಸ್ವಲ್ಪ ಉಳಿಕೆ ಇಟ್ಟು ಹಿಂದೆ ತೊಂಬತ್ತಾರು, ಮುಂದೆ ಎಪ್ಪತ್ತೆಂಟು ಎಂದು ನಿರ್ಧರಿಸಿದ್ದೆ. ಬಲಗಡೆ ಭಾರ ಕಡಿಮೆಯಿದ್ದರೂ ಒಂದೇ ಆಕ್ಸಲಿಗೆ ಒಂದೇ ಗಾಳಿ, ಭಾರದ ಕಡೆಯದೇ ಲೆಕ್ಕ.

ಬೆಳಿಗ್ಗೆ ಗೇಜು ಹಚ್ಚಿದರೆ ಹಿಂದಿನವು ಎಂಬತ್ತಕ್ಕೆ ಬಂದಿದ್ದವು. ಸೋರಿಕೆ ಎಂದು ನೀರು ಸುರಿದು ಹುಡುಕಿದೆ. ಡ್ರೈವರು ತಲೆ ತಗ್ಗಿಸಿಕೊಂಡು ಬಂದರು. “ನಾನೇ ಬಿಟ್ಟೆ ಅಮ್ಮಾ. ನಿಂತ ತಕ್ಷಣ ಬಿಟ್ಟೆ. ಟೀಚರಮ್ಮ ಒದ್ದಾಡ್ತಿದ್ರು, ನೋಡೋಕಾಗ್ಲಿಲ್ಲ.”

ನಾನು ಮಂಡಿಯ ಕೂಲಿಗಳೆಲ್ಲರ ಎದುರಿಗೇ ಅವರನ್ನು ಬೈದೆ. ಈ ಗಾಳಿಯಲ್ಲಿ ಬಿಸಿಲಿಗೆ ಓಡಿದರೆ ಟೈರು ಸಿಡಿದು ಟೀಚರೇ ಮೊದಲು ಸಾಯೋದು, ನಿಮ್ಮ ಕನಿಕರ ಯಾರಿಗೆ ಬೇಕು ಎಂದೆ. ಅವರು ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು. ವರಾಂಡದಲ್ಲಿ ಕುರ್ಚಿಯಲ್ಲಿದ್ದ ಟೀಚರು, “ಸಾಬ್ರೇ, ನೋಡಿ, ನಿಮ್ಗೂ ಒಂದ್ ಸಲ ಹಂಪು ಹತ್ತಿಸಿದ್ರು,” ಎಂದು ನಕ್ಕರು. ಆ ಮುದುಕರೂ ನಗಬೇಕಾಯಿತು.

ತೊಂಬತ್ತಾರಕ್ಕೆ ಏರಿಸಿ ಶ್ರೀನಿವಾಸಪುರದಿಂದ ಮುಳಬಾಗಿಲಿಗೆ, ಅಲ್ಲಿಂದ ಹೈವೇ ಹಿಡಿದು ಕೋಲಾರಕ್ಕೆ, ಮತ್ತೆ ಅದೇ ಹಂಪುಗಳ ರಸ್ತೆಯಲ್ಲಿ ಶ್ರೀನಿವಾಸಪುರಕ್ಕೆ ಬಂದೆವು. ಆ ದಿನ ಅಣ್ಣ ಬರಲಿಲ್ಲ, ಮಂಡಿಯಲ್ಲಿ ಹರಾಜಿತ್ತು. ಟೀಚರು ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ಕಚ್ಚುತ್ತಾ, ಕಿಟಕಿಯಿಂದ ಕಂಡ ಬಂಡೆಗುಡ್ಡಗಳ ವಯಸ್ಸು ಹೇಳುತ್ತಾ ಬಂದರು. ಹಂಪು ಬಂದಾಗ ಮಾತು ನಿಲ್ಲುತ್ತಿತ್ತು, ಮುಖ ಬಿಗಿಯುತ್ತಿತ್ತು, ಮತ್ತೆ ಮಾತು ಮುಂದುವರಿಯುತ್ತಿತ್ತು. “ನೋವಿದೆ. ಆದ್ರೆ ಇದು ನನ್ನ ಮಾಮೂಲಿ ನೋವು,” ಅಂದರು. ನಿಲ್ಲಿಸಿದಾಗ ಟೈರುಗಳನ್ನು ಮುಟ್ಟಿ ನೋಡಿದೆ. ಎಲ್ಲವೂ ಒಂದೇ ಹದಕ್ಕೆ ಬೆಚ್ಚಗಿದ್ದವು. ಗಾಳಿ ಹತ್ತು ಪೌಂಡಿನಷ್ಟು ಏರಿತ್ತು, ಏರಬೇಕಾದಷ್ಟೇ. ಕೆಲಸ ಮುಗಿಯಿತು ಎಂದುಕೊಂಡೆ.

ಕೊನೆಯ ಬಣ್ಣಕ್ಕೆಂದು ಶೆಡ್ಡಿಗೆ ತಂದಿದ್ದ ಗಾಡಿಯನ್ನು ಒಯ್ಯುವ ದಿನ ಎರಡು ಕಾರುಗಳಲ್ಲಿ ಬಂದರು. ಅಣ್ಣ, ಅವನ ಹೆಂಡತಿ, ಮಕ್ಕಳು, ಅತ್ತೆ ಮಾವ. ಇನ್ನೊಂದು ಕಾರಿನಲ್ಲಿ ಮಂಡಿಯ ಗುಮಾಸ್ತನ ಜೊತೆ ಟೀಚರು. ಹೊಸ ಹತ್ತಿ ಸೀರೆ, ತೊಡೆಯ ಮೇಲೆ ಬ್ಯಾಗು. ಅಣ್ಣ ನೇರ ಮಾಲೀಕರ ಹತ್ತಿರ ಹೋಗಿ, ಲಿಫ್ಟು ಮಂಚ ಬಿಚ್ಚಿ ಆ ಜಾಗಕ್ಕೆ ಸೀಟು ಹಾಕಿಕೊಡಿ, ಅತ್ತೆ ಮಾವ ಕಾಶಿಗೆ ಬರ್ತಾರೆ ಎಂದ.

ನಾನು ನಡುವೆ ಹೋದೆ. “ಸಾರ್, ಈಗ ಆ ಮೂಲೆ ಇನ್ನೂ ನಾನೂರು ಕೆಜಿ ಹೊರುತ್ತೆ. ಬಿಚ್ಚೋ ಅಗತ್ಯವೇ ಇಲ್ಲ.”

“ಟೈರಿಗೆ ಆಗುತ್ತೆ ಮೇಡಂ, ಅವಳಿಗಾಗಲ್ಲ,” ಎಂದು ಫೋನು ತೆಗೆದ. ದನಿ ಪೂರ್ತಿ ಏರಿಸಿ ಎಲ್ಲರಿಗೂ ಕಾಣುವಂತೆ ಹಿಡಿದ. ಶೆಡ್ಡಿನ ತಗಡುಗಳ ಕೆಳಗೆ ಟೀಚರ ಕಿರುಚಾಟ ಕೇಳಿಸಿತು. ವೆಲ್ಡಿಂಗ್ ಮಾಡುತ್ತಿದ್ದವನು ಕೈ ನಿಲ್ಲಿಸಿದ. ಅತ್ತೆ “ಅಯ್ಯೋ ಪಾಪ” ಎಂದು ಬಾಯಿಗೆ ಸೆರಗು ಹಿಡಿದರು. ಮಕ್ಕಳು ಫೋನನ್ನೂ ಕಾರಿನಲ್ಲಿದ್ದ ಸೋದರತ್ತೆಯನ್ನೂ ಬದಲಿಸಿ ಬದಲಿಸಿ ನೋಡಿದರು. ಕಾರಿನ ಬಾಗಿಲು ತೆರೆದಿತ್ತು. ಟೀಚರು ತಮ್ಮ ದನಿಯನ್ನು ಕೊನೆಯವರೆಗೂ ಕೇಳಿದರು.

“ಇಂಥೋಳನ್ನ ಅಷ್ಟು ದೂರ ಎಳ್ಕೊಂಡ್ಹೋದ್ರೆ ಜನ ನನ್ನ ಏನಂತಾರೆ?” ಎಂದ ಅಣ್ಣ.

“ಅದು ಮೊದಲನೇ ದಿನದ್ದು, ಗಾಳಿ ಜಾಸ್ತಿ ಇದ್ದಾಗಿನದು. ಎರಡನೇ ದಿನ ಅವರು ಮಾತಾಡ್ಕೊಂಡು ಬಂದ್ರು. ಡ್ರೈವರನ್ನೇ ಕೇಳಿ,” ಎಂದೆ.

“ಎರಡನೇ ದಿನದ ವಿಡಿಯೊ ಇದೆಯಾ?”

ಇರಲಿಲ್ಲ.

ಟೀಚರು ಕಾರಿನೊಳಗಿಂದಲೇ ಸಣ್ಣ ದನಿಯಲ್ಲಿ, “ಹಂಗಾದ್ರೆ ನನ್ನ ತೋಪು ವಾಪಸ್ ಕೊಡು,” ಅಂದರು.

“ಯಾಕೆ? ನೀನು ಗಾಡಿ ಕೇಳ್ದೆ. ಗಾಡಿ ಆಯ್ತಲ್ಲ. ಎದುರಿಗೇ ಇದೆ ನೋಡು.”

ಡ್ರೈವರ ಬಾಯಿಂದ “ನಕ್ಕೋ ಸಾಹೇಬ್” ಎಂಬುದು ಹೊರಟಿತು, ಬೇಡ ಅಂತ. ಅಣ್ಣ ತಿರುಗಿ, ನಾಳೆಯಿಂದ ಕೆಲಸಕ್ಕೆ ಬರುವ ಮನಸ್ಸಿದೆಯಾ ಎಂದು ಕೇಳಿದ. ಅವರು ಗೋಡೆಯ ಕಡೆ ಹೋಗಿ ನಿಂತರು. ನಾನು ಸ್ಪ್ಯಾನರು ಮುಟ್ಟುವುದಿಲ್ಲ ಎಂದೆ. ಮಾಲೀಕರು ನನ್ನ ಕಡೆ ನೋಡದೆ ಫಿಟ್ಟರಿಗೆ ಹೇಳಿದರು: “ಬಿಚ್ಚಪ್ಪ. ಕಸ್ಟಮರ್ ಹೇಳಿದ ಮೇಲೆ ಮುಗೀತು.” ನಾನು ನಿರಾಕರಿಸಿದ್ದರಿಂದ ಏನೂ ನಿಲ್ಲಲಿಲ್ಲ. ಬೋಲ್ಟುಗಳು ಹೊಸವು, ಎಣ್ಣೆಯೂ ಆರಿರಲಿಲ್ಲ. ಸುಲಭವಾಗಿ ಬಂದವು. ಚೈನ್ ಬ್ಲಾಕಿನ ಸರಪಳಿಗೆ ಕಟ್ಟಿ ಲಿಫ್ಟನ್ನು ಇಳಿಸಿ ಮೂಲೆಗೆ ತಳ್ಳಿದರು. ಬೇರೆ ಬಸ್ಸಿಗೆಂದು ಮಾಡಿಟ್ಟಿದ್ದ ಸೀಟನ್ನು ಅಲ್ಲಿ ಕೂರಿಸಿದರು.

ನಾನು ಕಾರಿನ ಹತ್ತಿರ ಹೋದೆ. “ಲಿಫ್ಟು ಇಲ್ಲೇ ಜೋಪಾನ ಇಟ್ಟಿರ್ತೀನಿ ಟೀಚರ್,” ಎಂದೆ.

“ಯಾಕೆ? ನಿಮ್ಮ ಬೆನ್ನೂ ಮುರೀಲಿ ಅಂತ ಕಾಯ್ತೀರಾ?”

ಗುಮಾಸ್ತ ಎಸಿಗೆಂದು ಗಾಜು ಏರಿಸಿದ.

ಗಾಳಿಯ ಕೆಲಸ ಉಳಿದಿತ್ತು. ಬಿಚ್ಚಿದ್ದನ್ನೆಲ್ಲ ಶೆಡ್ಡಿನ ತಕ್ಕಡಿಯಲ್ಲಿ ತೂಗಿ ಕಳೆದೆ. ಟೀಚರ ನಲವತ್ತೈದು ಕೆಜಿ ಕಳೆದೆ. ಸೀಟು, ಅತ್ತೆ ಮಾವನ ತೂಕ ಕೂಡಿಸಿದೆ. ಸೀಟು ಕೂತದ್ದು ಮಂಚವಿದ್ದ ಜಾಗದ ಮುಂಬದಿಗೆ, ಆಕ್ಸಲಿಗಿಂತ ಮುಂದೆ, ಹಾಗಾಗಿ ಹಿಂದಿನ ಮೂಲೆಗೆ ಬೀಳುವುದು ಕಡಿಮೆ. ಹಿಂದೆ ಎಂಬತ್ತೆರಡು ಸಾಕು ಎಂದು ಬಂತು. ತೊಂಬತ್ತಾರನ್ನು ಹಾಗೇ ಬಿಟ್ಟು ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಗುರಾದ ಗಾಡಿ ಕಾಶಿಯವರೆಗೂ ಅವರ ಸೊಂಟಗಳನ್ನು ಕುಟ್ಟುತ್ತಿತ್ತು. ಬಿಡಬೇಕೆಂದು ನಿಜವಾಗಿ ಅನ್ನಿಸಿತು, ಆದರೆ ಅತಿಯಾದ ಗಾಳಿಗೆ ಟೈರು ನೆಲವನ್ನು ಪೂರ್ತಿ ಹಿಡಿಯುವುದಿಲ್ಲ, ಒದ್ದೆ ರಸ್ತೆಯಲ್ಲಿ ಬ್ರೇಕು ಜಾರುತ್ತದೆ. ಮಕ್ಕಳು ಆಗಲೇ ಕಿಟಕಿ ಸೀಟಿಗೆ ಜಗಳವಾಡುತ್ತಿದ್ದರು. ಸ್ಟಿಯರಿಂಗ್ ಹಿಡಿಯುವವರು ಆ ಮುದುಕರು. ಕೆಳಗೆ ಕೂತು ಎಡ ಹಿಂಬದಿಯ ಎರಡೂ ವಾಲ್ವು ಒತ್ತಿ ಎಂಬತ್ತೆರಡಕ್ಕೆ ಇಳಿಸಿದೆ. ಬಲಗಡೆಯೂ ಇಳಿಸಿದೆ. ಅಣ್ಣ ಪಕ್ಕಕ್ಕೆ ಬಂದು ನಿಂತು, “ಈಗ ಹಾಯಾಗಿರುತ್ತಾ?” ಎಂದ. “ಇರುತ್ತೆ,” ಎಂದೆ.

ಶೆಡ್ಡಿನ ಗೇಟಿನಾಚೆ, ಇಟ್ಟಿಗೆ ಲಾರಿಗಳು ನಿಧಾನವಾಗಲಿ ಎಂದು ಯಾರೋ ಕಾಂಕ್ರೀಟಿನಲ್ಲಿ ಹಾಕಿಸಿದ ದೊಡ್ಡ ಹಂಪಿದೆ. ಗಾಡಿ ಅದರ ಮೇಲೆ ಮೆಲ್ಲಗೆ ಏರಿ ಇಳಿಯಿತು. ಒಳಗೆ ಅಡುಗೆಕಟ್ಟೆಯ ಮೇಲಿಟ್ಟಿದ್ದ ಸ್ಟೀಲ್ ಲೋಟಗಳು ಕೂಡ ಸದ್ದು ಮಾಡಲಿಲ್ಲ. ಹಿಂದೆಯೇ ಟೀಚರಿದ್ದ ಕಾರು ಹೊರಟಿತು. ಗುಮಾಸ್ತನಿಗೆ ಮಂಡಿಗೆ ಮರಳುವ ಅವಸರ. ಅವನು ಹಂಪಿಗೆ ಬ್ರೇಕು ಹಾಕಲಿಲ್ಲ.